ಎಡತುದಿಯ ಗಂಟು

ಷಡ್ಡಕರಿಬ್ಬರು ಒಂದೇ ಮೇಜಿಗೆ ಕೂತು ಮಧ್ಯಾಹ್ನವಿಡೀ ಜಗಳವಾಡದೆ ಇರುತ್ತಾರೆಂದರೆ ಯಾರೂ ನಂಬುವುದಿಲ್ಲ. ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಜೀವನಪೂರ್ತಿ ಒಬ್ಬರ ಮುಖ ಒಬ್ಬರು ನೋಡಬೇಕಾದವರು ಅವರು. ಹೆಚ್ಚೆಂದರೆ ಮಾವನ ಮನೆಯವರನ್ನು ಜೊತೆಗೂಡಿ ಬೈಯುವಷ್ಟು ಸ್ನೇಹ ಇರುತ್ತದೆ. ಈ ಇಬ್ಬರು ಮಾತ್ರ ಬೇರೆ ಜಾತಿಯ ಪ್ರಾಣಿಗಳು. ತಂಗಿಯ ಗಂಡ ದರ್ಜಿ, ಅಕ್ಕನ ಗಂಡ ಬಸ್ ಡ್ರೈವರು. ಪ್ರತಿ ಭಾನುವಾರ ಊಟ ಮುಗಿದದ್ದೇ ದರ್ಜಿ ಅಂಗಡಿಯ ಷಟರನ್ನು ಅರ್ಧ ಎಳೆಯುತ್ತಿದ್ದ, ಭಾವ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದರು, ಹಿಂದಿನ ಕೋಣೆಯ ಕಟಿಂಗ್ ಟೇಬಲ್ಲಿನ ಮೇಲೆ ಇಬ್ಬರೂ ಸೇರಿ ಹಾಯಿಹಡಗು ಕಟ್ಟುತ್ತಿದ್ದರು. ಮರದ್ದು, ಒಂದು ಮೊಳ ಉದ್ದದ್ದು. ಇಬ್ಬರೂ ನಿಜವಾದ ಸಮುದ್ರದಲ್ಲಿ ಮೊಣಕಾಲಿಗಿಂತ ಮೇಲೆ ಇಳಿದವರಲ್ಲ.

ಈ ಹುಚ್ಚು ಹತ್ತಿದ್ದು ಬಸ್ಸಿನಿಂದಲೇ. ಯಾರೋ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಮರೆತುಹೋಗಿದ್ದರು. ಕೇಳಿಕೊಂಡು ಯಾರೂ ಬರಲಿಲ್ಲ. ಒಳಗೆ ಮರದ ಪಟ್ಟಿಗಳು, ದಾರದ ಉಂಡೆಗಳು, ಒಂದು ನಕ್ಷೆ. ಅದರಿಂದ ಕಟ್ಟಿದ ಮೊದಲ ಹಡಗು ಚಪ್ಪಲಿಯ ಹಾಗೆ ಕಾಣುತ್ತಿತ್ತು. ಎರಡನೆಯದು ಹಡಗಿನ ಹಾಗೇ ಇತ್ತು, ಸ್ವಲ್ಪ ಕುಡಿದ ಹಡಗು. ಈಗಿನದು ಮೂರನೆಯದು, ಮೂರು ಹಾಯಿಕಂಬಗಳದ್ದು. ಅಕ್ಕತಂಗಿಯರಿಬ್ಬರೂ ಅದನ್ನು ಸವತಿ ಎಂದೇ ಕರೆಯುತ್ತಿದ್ದರು.

ಮರದ ಕೆಲಸ ಭಾವನದು, ದಾರ ಮತ್ತು ಬಟ್ಟೆಯದು ದರ್ಜಿಯದು ಎಂದು ಮೊದಲಿನಿಂದಲೂ ಹಂಚಿಕೆಯಾಗಿತ್ತು. ಭಾವ ಮರದ ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ, ಹಡಗಿನ ಪಕ್ಕೆಗೆ ಒಗ್ಗುವಂತೆ ಬಗ್ಗಿಸುವುದನ್ನು ನೋಡಬೇಕು. ಸಿಟ್ಟಿನ ಗಿರಾಕಿಯನ್ನು ಸಮಾಧಾನ ಮಾಡುವಷ್ಟು ತಾಳ್ಮೆ. ಆದರೆ ಈ ಸಲ ಇದ್ದಕ್ಕಿದ್ದಂತೆ, "ಏಣಿ ನಾನು ಕಟ್ತೀನಿ ಕಣೋ ಗುಂಡುಸೂಜಿ," ಎಂದುಬಿಟ್ಟರು. ದರ್ಜಿಗೆ ಆ ಹೆಸರಿಟ್ಟವರೂ ಅವರೇ. ಸಣಕಲು ಮೈಯ ಮೇಲೆ ದುಂಡನೆಯ ತಲೆ, ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

ಏಣಿ ಎಂದರೆ, ಹಾಯಿಕಂಬದ ತುದಿಯಿಂದ ಹಡಗಿನ ಅಂಚಿಗೆ ಬಿಗಿದ ಹಗ್ಗಗಳಿಗೆ ಅಡ್ಡಲಾಗಿ ಒಂದರ ಮೇಲೊಂದು ದಾರ ಕಟ್ಟುತ್ತ ಹೋಗುವುದು. ನಾವಿಕರು ಹತ್ತುವ ಮೆಟ್ಟಿಲು. ಅಡ್ಡದಾರ ಪ್ರತಿ ಹಗ್ಗವನ್ನು ದಾಟುವ ಕಡೆ ಒಂದು ಗಂಟು, ಗಂಟಿನ ಮೇಲೆ ಒಂದು ಹನಿ ಅಂಟು. ಒಣಗುವ ತನಕ ಅದನ್ನು ಮುಟ್ಟುವಂತಿಲ್ಲ. ಸ್ಟೀರಿಂಗ್ ತಿರುಗಿಸಿ ದಪ್ಪಗಾದ ಬೆರಳುಗಳಿಗೆ ಇದು ಬೇಕಿತ್ತೇ ಎಂದು ದರ್ಜಿಗೆ ನಗು ಬಂದರೂ ಭಾವನ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಅಂಗಡಿ ಇಟ್ಟ ಹೊಸದರಲ್ಲಿ ತಮ್ಮ ಡಿಪೋದವರೆಲ್ಲರ ಸಮವಸ್ತ್ರ ತಂದು ಇವನ ಮುಂದೆ ಸುರಿದು, ಹೊಟ್ಟೆಗೆ ದಾರಿ ಮಾಡಿಕೊಟ್ಟವರು ಅವರು.

ಭಾವ ಕಟ್ಟಿದ ಮೆಟ್ಟಿಲು ಬಲದಿಂದ ಅಚ್ಚುಕಟ್ಟಾಗಿ ಬಂದು ಎಡತುದಿಯಲ್ಲಿ ಕೈಕೊಡುತ್ತಿತ್ತು. ಕೊನೆಯ ಹಗ್ಗ ಮುಟ್ಟುವ ಮೊದಲೇ ದಾರ ಮುಗಿದಿರುತ್ತಿತ್ತು, ಗಂಟು ಗಾಳಿಯಲ್ಲಿ ತೂಗುತ್ತಿತ್ತು. ಅವರು ಹೋದ ಮೇಲೆ, ಅಂಟು ಇನ್ನೂ ಹಸಿಯಿರುವಾಗಲೇ, ದರ್ಜಿ ಚಿಮಟದಿಂದ ಬಿಚ್ಚಿ ಸರಿಯಾಗಿ ಕಟ್ಟಿಡುತ್ತಿದ್ದ. ಇದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ಗಿರಾಕಿಯ ಹೊಟ್ಟೆ ಬಂದದ್ದನ್ನು ಬಾಯಿಬಿಟ್ಟು ಹೇಳದೆ, ಪ್ಯಾಂಟಿನ ಹೊಲಿಗೆ ಬಿಚ್ಚಿ ಸದ್ದಿಲ್ಲದೆ ಸಡಿಲ ಮಾಡಿಕೊಡುವುದು ಅವನ ಕಸುಬಿನ ಮರ್ಯಾದೆ. ಮುಂದಿನ ಭಾನುವಾರ ಭಾವ ಬಂದವರೇ ಕೂರುವ ಮೊದಲು ಮೆಟ್ಟಿಲುಗಳ ಮೇಲೆ ಬೆರಳಾಡಿಸುತ್ತಿದ್ದರು, ಮಗುವಿನ ಬೆನ್ನು ಸವರುವ ಹಾಗೆ. ಆಮೇಲೆ ಮುಖ ಅರಳುತ್ತಿತ್ತು.

"ಪರವಾಗಿಲ್ವೋ. ಇನ್ನೂ ಕೆಟ್ಟಿಲ್ಲ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಭಾವ," ಎಂದು ದರ್ಜಿ ನಗುತ್ತಿದ್ದ.

ಹೀಗೇ ಹಲವು ಭಾನುವಾರಗಳು ಹೋದವು. ಒಂದು ಮಧ್ಯಾಹ್ನ ಭಾವ ಬಲಗೈಯಲ್ಲಿ ದಾರ ಹಿಡಿದು ಎಡಗೈ ಚಾಚಿ, "ಕತ್ತರಿ ಎಲ್ಲಿಟ್ಯೋ?" ಎಂದು ಕೇಳಿದರು. ಕತ್ತರಿ ಅವರ ಎಡ ಮೊಣಕೈಯ ಪಕ್ಕದಲ್ಲೇ ಇತ್ತು. ದರ್ಜಿ ತಮಾಷೆ ಇರಬೇಕೆಂದುಕೊಂಡು ಸುಮ್ಮನಿದ್ದ. ಭಾವ ಮೇಜಿನ ಬಲಭಾಗವನ್ನೆಲ್ಲ ಹುಡುಕಿದರು, ಮೇಜಿನ ಕೆಳಗೆ ಬಗ್ಗಿ ನೋಡಿದರು, ದರ್ಜಿಯನ್ನು ಬೈದರು. ಕೊನೆಗೆ ಮೊಣಕೈ ತಾಗಿ ಕತ್ತರಿ ನೆಲಕ್ಕೆ ಬಿದ್ದಾಗ ಅವರು ಬೆಚ್ಚಿದ ರೀತಿ ತಮಾಷೆಯದಾಗಿರಲಿಲ್ಲ.

ದರ್ಜಿ ಚಹದ ಲೋಟವನ್ನು ಸದ್ದಾಗದಂತೆ ಅವರ ಎಡಗಡೆಗೆ ಸರಿಸಿಟ್ಟ. ಅವರು ನೋಡಲಿಲ್ಲ. ಕೆಂಪು ದಾರದ ಉಂಡೆಯನ್ನು ಇನ್ನೂ ಹತ್ತಿರ ತಂದ. ಅದನ್ನೂ ನೋಡಲಿಲ್ಲ. ತನ್ನ ಕೈಯನ್ನೇ ಅವರ ಎಡಗೆನ್ನೆಯ ಪಕ್ಕಕ್ಕೆ ಒಯ್ದು, ಬೆರಳು ಅಲ್ಲಾಡಿಸಿದ. ಭಾವ ನೇರ ನೋಡುತ್ತ, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಗಾಳಿಗೆ ಗಂಟು ಹಾಕುತ್ತಿದ್ದರು.

"ಬೆಳಿಗ್ಗೆ ಮೊದಲ ಪಾಳಿ ಕಣೋ, ಹೊರಡ್ತೀನಿ," ಎಂದು ಅವರು ಎದ್ದರು. ಮೊದಲ ಪಾಳಿ ಎಂದರೆ ಶಾಲೆಗೆ, ಕಾಲೇಜಿಗೆ, ಕಾರ್ಖಾನೆಗೆ ಹೋಗುವವರು ಬಾಗಿಲಿನವರೆಗೆ ಜೋತುಬಿದ್ದಿರುವ ಬಸ್ಸು. ಬಾಗಿಲಿರುವುದು ಎಡಕ್ಕೆ. ಫುಟ್‌ಪಾತು ಎಡಕ್ಕೆ. ಸೈಕಲ್ಲಿನವರು, ಗಾಡಿ ತಳ್ಳುವವರು, ನಿಂತಲ್ಲಿ ನಿಲ್ಲದ ಮಕ್ಕಳು, ಜಗತ್ತಿನ ಮೆತ್ತನೆಯ ಜೀವಗಳೆಲ್ಲ ಬಸ್ಸಿನ ಎಡಕ್ಕೇ ಇರುವುದು. ಹೇಳಬೇಕೆಂದು ದರ್ಜಿ ಬಾಯಿ ತೆರೆದ. ಹೊರಬಂದದ್ದು ಹೂಂ ಎಂಬುದಷ್ಟೇ. ಷಟರಿನ ಕೆಳಗೆ ಬಗ್ಗುವಾಗ ಭಾವನ ಎಡಭುಜ ಗೋಡೆಗೆ ಬಡಿಯಿತು. ಅವರು ಗೋಡೆಯನ್ನೇ ಬೈದುಕೊಂಡು ಹೋದರು.

ಹೆಂಡತಿಗೆ ಹೇಳಿದರೆ ಅವಳ ಅಕ್ಕನಿಗೆ ಗೊತ್ತಾಗುತ್ತದೆ, ಅಕ್ಕನಿಗೆ ಗೊತ್ತಾದರೆ ಊರಿಗೆ ಡಂಗುರ. ಡಿಪೋಗೆ ಹೇಳಿದರೆ ಭಾವನ ಬೆನ್ನಿಗೆ ಚೂರಿ ಹಾಕಿದ ಹಾಗೆ. ಯಾರಿಗೂ ಹೇಳದಿದ್ದರೆ? ಅಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು. ಬೆಳಗಾಗುತ್ತಲೇ, ಅಸ್ತರಿನ ಬಟ್ಟೆ ತರಬೇಕೆಂದು ಹೆಂಡತಿಗೆ ಸುಳ್ಳು ಹೇಳಿ, ಮೂಲೆಯ ಸ್ಟಾಪಿಗೆ ಹೋಗಿ ನಿಂತ. ಬಸ್ಸು ಬಂತು. ನಿಲ್ಲುವಾಗ ಅದರ ಎಡಚಕ್ರ ಫುಟ್‌ಪಾತನ್ನು ಉಜ್ಜಿಕೊಂಡು ಬಂದು ನಿಂತಿತು.

"ಏನೋ ಗುಂಡುಸೂಜಿ, ಅಂಗಡಿ ಬಿಟ್ಟು ಸವಾರಿ ಎಲ್ಲಿಗೆ?" ಭಾವನಿಗೆ ಖುಷಿ.

"ಕೊನೇ ಸ್ಟಾಪಿಗೆ. ಇಲ್ಲೇ ನಿಮ್ಮ ಪಕ್ಕ ನಿಲ್ತೀನಿ."

ಇಂಜಿನ್ನಿನ ಬಿಸಿ ಮುಚ್ಚಳಕ್ಕೆ ಕಾಲು ಒತ್ತಿ, ಕಂಬಿಗೆ ಜೋತುಬಿದ್ದು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ದರ್ಜಿ ಎಡಗಡೆಯನ್ನೇ ನೋಡುತ್ತ ನಿಂತ. ನೇರ ರಸ್ತೆಯಲ್ಲಿ ಬಸ್ಸು ಚೆನ್ನಾಗಿಯೇ ಓಡಿತು. ಅಷ್ಟು ಚೆನ್ನಾಗಿ ಓಡಿದ್ದರಿಂದ, ತಾನೇ ಹೆದರುಪುಕ್ಕಲ, ಇಲ್ಲದ್ದನ್ನು ಕಲ್ಪಿಸಿಕೊಂಡೆ ಎಂದು ಅವನಿಗೆ ಒಂದು ಗಳಿಗೆ ಹಾಯೆನಿಸಿತು. ಆಗಲೇ ಬ್ಯಾಂಕಿನ ಎದುರು ಒಬ್ಬ ಹೆಂಗಸು, ಕಂಕುಳಲ್ಲಿ ಮಗು, ಎಡಗಡೆಯಿಂದ ರಸ್ತೆಗೆ ಇಳಿದಳು. ಚಾಲಕನ ಜಾಗದಿಂದ ಅವಳು ಕಾಣದಿರಲು ಸಾಧ್ಯವೇ ಇರಲಿಲ್ಲ. ಬಸ್ಸಿನ ವೇಗ ಒಂದಿಷ್ಟೂ ಇಳಿಯಲಿಲ್ಲ.

"ಭಾವ! ಎಡಗಡೆ!"

ಬ್ರೇಕು ಕಿರುಚಿತು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಹೆಂಗಸು ಬಸ್ಸಿನ ಮೂತಿಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬೈಯಲೂ ಅವಳಿಗೆ ಉಸಿರಿರಲಿಲ್ಲ. ಹಿಂದಿನಿಂದ ಕಂಡಕ್ಟರ್, "ಏನ್ರೀ ಅದು, ಡ್ರೈವರ್ ಕಿವೀಲಿ ಹಾಗೆ ಕೂಗೋದು," ಎಂದು ದರ್ಜಿಯನ್ನೇ ಗದರಿದ.

ಅಲ್ಲಿಂದ ಮುಂದೆ ದರ್ಜಿ ನಾಚಿಕೆ ಮಾನ ಎಲ್ಲ ಬಿಟ್ಟ. "ಎಡಕ್ಕೆ ಸೈಕಲ್." "ಗಾಡಿ ನಿಂತಿದೆ, ಸ್ವಲ್ಪ ಬಲಕ್ಕೆ." "ಹುಡುಗರು, ಹುಡುಗರು, ನಿಧಾನ." ಕಾಲೇಜು ಹುಡುಗಿಯರು ಮುಸಿಮುಸಿ ನಕ್ಕರು. ಒಬ್ಬ ದಪ್ಪನೆಯ ಮನುಷ್ಯ, "ಇವರಿಗೂ ಒಂದು ಸ್ಟೀರಿಂಗ್ ಹಾಕಿಸಿಕೊಡ್ರಪ್ಪ," ಎಂದ. ದರ್ಜಿಯ ಕಿವಿಗೆ ಅದೊಂದೂ ಬೀಳಲಿಲ್ಲ. ಅವನನ್ನು ನಡುಗಿಸಿದ್ದು ಬೇರೆಯೇ. ಮಾತು ಮಾತಿಗೆ ಬೈಯುವ ಭಾವ, ಯಾರಾದರೂ ಹಾರ್ನಿನ ಬಗ್ಗೆ ಬುದ್ಧಿ ಹೇಳಿದರೂ ಉರಿದುಬೀಳುವ ಭಾವ, ಒಂದು ಸಲವೂ ಸುಮ್ಮನಿರು ಎನ್ನಲಿಲ್ಲ. ಅವನು ಹೇಳಿದ ಹಾಗೆಲ್ಲ ತಿರುಗಿಸಿದರು, ಹೇಳಿದಲ್ಲೆಲ್ಲ ನಿಧಾನ ಮಾಡಿದರು. ಕತ್ತಿನ ಹಿಂದೆ ಬೆವರು ಇಳಿದು, ದರ್ಜಿಯೇ ಹೊಲಿದ ಖಾಕಿ ಕಾಲರು ಒದ್ದೆಯಾಗಿತ್ತು.

ಕೊನೆಯ ಸ್ಟಾಪಿನಲ್ಲಿ ಇಬ್ಬರೂ ತಂಗುದಾಣದ ಕಲ್ಲು ಬೆಂಚಿನ ಮೇಲೆ ಕೂತರು. ಭಾವ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

"ಯಾವಾಗ ಗೊತ್ತಾಯ್ತು?"

"ನಿನ್ನೆ. ಕತ್ತರಿ ಹುಡುಕ್ತಿದ್ರಲ್ಲ, ಆಗ."

"ನನಗೆ ಬೇಸಿಗೆಯಿಂದ ಅನುಮಾನ. ಎಡಗಡೆ ಕನ್ನಡಿ ಎರಡು ಸಲ ಒಡೀತು. ಕಣ್ಣಿನ ಡಾಕ್ಟರ್ ಹತ್ರ ಹೋದ್ರೆ ಅವರು ಬರೆದುಕೊಡ್ತಾರೆ, ಅಲ್ಲಿಗೆ ಸ್ಟೀರಿಂಗ್ ಮುಗೀತು. ಹೆದರಿಕೆ ಆಯ್ತು ಕಣೋ. ಅದಕ್ಕೇ ಏಣಿ ನಾನು ಕಟ್ತೀನಿ ಅಂದದ್ದು. ಆ ಸಣ್ಣ ಗಂಟು ಸರಿಯಾಗಿ ಬಿದ್ರೆ ಕಣ್ಣು ಸರಿ ಇದೆ ಅಂತ ಲೆಕ್ಕ." ಭಾವ ತುಟಿ ಒರೆಸಿಕೊಂಡರು. "ಅಂಟು ಒಣಗಿದ ಮೇಲೆ ಬಂದು ಮುಟ್ಟಿ ನೋಡ್ತಿದ್ದೆ. ಒಂದೇ ಒಂದು ಗಂಟು ತಪ್ಪಿದ್ರೆ ಅವತ್ತೇ ಹೋಗಿ ಕೆಲಸ ಬಿಟ್ಟು ಬರ್ತೀನಿ ಅಂದ್ಕೊಂಡಿದ್ದೆ. ಒಂದೂ ತಪ್ಪಿಲ್ವಲ್ಲೋ. ಎಡತುದಿ ತನಕ ಎಲ್ಲಾ ಸರಿಯಾಗಿತ್ತು."

ತನ್ನ ಭಾನುವಾರದ ಒಳ್ಳೆಯತನ ಸೋಮವಾರ ರಸ್ತೆಯಲ್ಲಿ ಏನು ಮಾಡಿಕೊಂಡು ಬಂದಿದೆ ಎಂಬುದು ದರ್ಜಿಗೆ ಈಗ ಅರ್ಥವಾಯಿತು. ಬೇಸಿಗೆಯಿಂದ ಈವರೆಗೆ ಈ ಬಸ್ಸಿನ ಎಡಕ್ಕೆ ಹಾದುಹೋದ ಮುಖಗಳೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ನಿಂತಂತಾಯಿತು.

ಕಂಡಕ್ಟರ್ ಬೆಲ್ ಹೊಡೆದ. ವಾಪಸು ಹೋಗುವ ಜನ ಆಗಲೇ ತುಂಬಿಕೊಂಡಿದ್ದರು. ಭಾವ ಎದ್ದರು.

"ಅಷ್ಟೇನೂ ಕೆಟ್ಟಿರಲಿಕ್ಕಿಲ್ಲ ಬಿಡು. ಏಣಿ ಕಟ್ಟೋವಷ್ಟು ಕಾಣುತ್ತಲ್ಲ. ಇದೊಂದು ಟ್ರಿಪ್ ಮುಗಿಸಿ ಡಿಪೋದಲ್ಲಿ ಮಾತಾಡ್ತೀನಿ. ನೀನು ಪಕ್ಕದಲ್ಲಿರು, ಬರೋವಾಗ ಹೇಳಿದ ಹಾಗೇ ಹೇಳ್ತಾ ಇರು."

ದರ್ಜಿ ಹೂಂ ಎನ್ನುವುದರಲ್ಲಿದ್ದ. ಹುಟ್ಟಿದಾಗಿನಿಂದ ಹೂಂ ಎಂದುಕೊಂಡೇ ಬಂದ ಬಾಯಿ ಅದು. ಒಂದೇ ಟ್ರಿಪ್ಪು, ತಾನೂ ಜೊತೆಗಿರುತ್ತೇನೆ, ಆಮೇಲೆ ಎಲ್ಲ ಸರಿಹೋಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಒಂದು ಪುಟ್ಟ ಹುಡುಗಿ ಗಾಜಿಗೆ ಮೂಗೊತ್ತಿ ಇವರನ್ನೇ ನೋಡುತ್ತಿದ್ದಳು. ದರ್ಜಿ ಭಾವನ ಅಂಗಿಯ ತೋಳನ್ನು ಹಿಡಿದು ಜಗ್ಗಿದ. ಹೊಲಿಗೆ ಪಟ್ಟೆಂದಿತು.

"ಹತ್ತಬೇಡಿ ಭಾವ. ಆ ಗಂಟು ನಿಮ್ಮದಲ್ಲ."

"ಏನು?"

"ಎಡತುದೀದು ಒಂದೂ ನಿಮ್ಮದಲ್ಲ. ನೀವು ಹೋದ ಮೇಲೆ ಬಿಚ್ಚಿ ನಾನು ಕಟ್ತಿದ್ದೆ. ಪ್ರತಿ ವಾರ. ನೀವು ಗಾಳಿಗೆ ಗಂಟು ಹಾಕಿ ಹೋಗ್ತಿದ್ರಿ."

ಭಾವ ಬೈಯುತ್ತಾರೆಂದು, ಹೊಡೆಯುತ್ತಾರೆಂದು ದರ್ಜಿ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮುದುಕರಾದವರ ಹಾಗೆ ಬೆಂಚಿನ ಅಂಚನ್ನು ಕೈಯಿಂದ ತಡವಿ ಕುಳಿತರು.

"ಎಲ್ಲಾನೂ?"

"ಎಲ್ಲಾನೂ ಭಾವ."

ಕಂಡಕ್ಟರ್ ಗೊಣಗುತ್ತ ಬಳಿಗೆ ಬಂದ. ಭಾವ ಜೇಬಿನಿಂದ ಕೀಲಿ ತೆಗೆದು, ಅವನ ಕೈ ಎಲ್ಲಿದೆ ಎಂದು ಹುಡುಕಿ, ಅಂಗೈಯಲ್ಲಿಟ್ಟರು. "ಬೇರೆ ಡ್ರೈವರ್‌ನ ಕಳಿಸೋಕೆ ಹೇಳಪ್ಪ. ನನಗೆ ಎಡಗಡೆ ಕಾಣ್ತಿಲ್ಲ. ಹಾಗಂತಲೇ ಹೇಳು, ಹುಷಾರಿಲ್ಲ ಅನ್ನಬೇಡ." ಕಂಡಕ್ಟರ್ ಕೀಲಿಯನ್ನೂ ಅವರ ಮುಖವನ್ನೂ ನೋಡಿ, ಬಾಯಿ ಮುಚ್ಚಿಕೊಂಡು ಹಿಂದಿರುಗಿದ. ಬಸ್ಸಿನೊಳಗಿಂದ ಜನರ ಗಲಾಟೆ ಎದ್ದಿತು.

"ಒಂದು ಸಲ ಬೈದಿದ್ರೆ ಸಾಕಿತ್ತಲ್ಲೋ," ಎಂದರು ಭಾವ, ತಮ್ಮಷ್ಟಕ್ಕೆ ತಾವು ಹೇಳಿಕೊಂಡಂತೆ. "ಏನ್ರೀ ಇದು, ಕಣ್ಣು ಕಾಣಲ್ವಾ ಅಂತ."

ದರ್ಜಿ ಭಾವನ ತೋಳಿನ ಬಿಟ್ಟ ಹೊಲಿಗೆಯನ್ನು ಬೆರಳಲ್ಲಿ ಕೂಡಿಸಿ ಹಿಡಿದ.

"ಜನ ಇಳೀತಿದ್ದಾರಾ?" ಬಸ್ಸಿನ ಬಾಗಿಲು ಭಾವನ ಎಡಕ್ಕಿತ್ತು. ಅವರು ಆ ಕಡೆ ತಿರುಗಲಿಲ್ಲ.

"ಇಳೀತಿದ್ದಾರೆ ಭಾವ."

"ಎಲ್ಲರೂ ಇಳಿಯೋ ತನಕ ಹೇಳು. ಒಬ್ಬರನ್ನೂ ಬಿಡಬೇಡ."

ದರ್ಜಿ ಅವರ ಎಡಕ್ಕೆ ಸರಿದು ಕೂತ. ಜನ ಬೈದುಕೊಳ್ಳುತ್ತ ಇಳಿಯುತ್ತಿದ್ದರು. "ಒಬ್ಬ ಮುದುಕಪ್ಪ, ಕೋಲು ಹಿಡಿದಿದ್ದಾರೆ. ಹಿಂದೆ ಇಬ್ಬರು ನರ್ಸುಗಳು. ಒಬ್ಬಾಕೆ ಎರಡು ಚೀಲ ಹೊತ್ಕೊಂಡು, ನಿಮ್ಮನ್ನೇ ಬೈತಾ ಇದ್ದಾಳೆ." ಭಾವ ಅವನ ಮೊಣಕೈ ಹಿಡಿದುಕೊಂಡರು, ಗಟ್ಟಿಯಾಗಿ, ನೋಯುವಷ್ಟು. "ಹೂಂ, ಆಮೇಲೆ?" ಎಂದರು. "ಒಂದು ಪುಟ್ಟ ಹುಡುಗಿ," ಎಂದ ದರ್ಜಿ. "ಇಳಿದಳು. ಅಮ್ಮನ ಕೈ ಹಿಡಿದಿದ್ದಾಳೆ."