ಕಂದು ಬಣ್ಣವೆಲ್ಲ ಕೊಳೆಯಲ್ಲ

“ಮಾವ, ನಿಮ್ಮ ದಾಳಿಂಬೆ ಗಿಡ ಹೋದ್ರೂ ಅದರ ಮರಿ ನಿಮ್ಮ ಕಿಟಕಿ ಮುಂದೆ ಇರುತ್ತೆ. ಇದು ನನ್ನ ಮಾತು.”

ಚಿಗುರಿನ ತುಣುಕಿನಿಂದ ಬಾಟಲಿಯಲ್ಲಿ ಗಿಡ ಬೆಳೆಸುವ ಅಂಗಾಂಶ ಕೃಷಿಯ ತರಬೇತಿ ಮುಗಿಸಿ ಬಂದ ದಿನ ಸೊಸೆ ಹೀಗೆಂದಿದ್ದಳು. ಆಗ ಗಿಡದ ತುಂಬ ಹಣ್ಣು. ಆ ಮಾತು ಯಾರಿಗೂ ಭಾರವೆನಿಸಲಿಲ್ಲ.

ವರ್ಷಗಳು ಕಳೆದು ಗಿಡಕ್ಕೆ ಸೊರಗು ರೋಗ ಹಿಡಿಯಿತು. ಕಡ್ಡಿ ಕತ್ತರಿಸಿ ನೆಟ್ಟರೆ ಅದೂ ಒಣಗಿತು. ಉಳಿದದ್ದು ಒಂದೇ ಹಸಿರು ಕೊಂಬೆ. ಅದರ ಚಿಗುರುಗಳನ್ನು ಸೊಸೆ ತನ್ನ ಪುಟ್ಟ ಲ್ಯಾಬಿನ ಬಾಟಲಿಗಳಲ್ಲಿ, ಪೋಷಕ ಜೆಲ್ಲಿಯೊಳಗೆ ಊರಿ ಮರಿ ಮಾಡಲು ಹೊರಟಳು. ಇಟ್ಟ ಚಿಗುರೆಲ್ಲ ಕಂದಾಗಿ ಸತ್ತವು. ಜೆಲ್ಲಿಯೂ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು.

ಕೊಳೆ ಕಂಡರಾಗದ ಆಕೆಗೆ ಗೆಳತಿಯರಿಟ್ಟ ಹೆಸರೇ ಸೋಪಮ್ಮ. ಎಲ್ಲೋ ಸೋಂಕು ಉಳಿದಿದೆ ಎಂದುಕೊಂಡು ಪ್ರತಿ ಸಲವೂ ಚಿಗುರನ್ನು ಬ್ಲೀಚಿನಲ್ಲಿ ಇನ್ನಷ್ಟು ಹೊತ್ತು ನೆನೆಸಿದಳು. ಬಣ್ಣ ಇನ್ನಷ್ಟು ಕಪ್ಪಾಯಿತು.

ಕೊನೆಗೆ ನರ್ಸರಿಯೊಂದರ ಲ್ಯಾಬಿನಲ್ಲಿ ಪಳಗಿದ, ತಾನು ಅಕ್ಕ ಎಂದೇ ಕರೆಯುವ ಹೆಂಗಸನ್ನು ಕರೆಸಿದಳು. ಅಕ್ಕ ಬಾಟಲಿ ಎತ್ತಿ ನೋಡಿದಳು.

“ಏ ಸೋಪಮ್ಮ, ತೊಳೆದೂ ತೊಳೆದೂ ಕೊಂದಿದೀಯಲ್ಲೇ!”

“ಕೊಳೆ ಹಾಗೇ ಬಿಡೋಕಾಗುತ್ತೇನಕ್ಕಾ?”

“ಕೊಳೆ ಎಲ್ಲಿದೆ? ಬೂಷ್ಟು ಇದೆಯಾ, ಲೋಳೆ ಇದೆಯಾ? ಹೆಚ್ಚಿಟ್ಟ ಸೇಬು ಕಂದಾಗಲ್ವಾ, ಇದೂ ಹಾಗೇ. ಗಾಯದಿಂದ ಸೋರೋ ರಸಕ್ಕೆ ಗಾಳಿ ತಗುಲಿದ್ರೆ ಕಂದಾಗುತ್ತೆ. ಅದೇ ಚಿಗುರಿಗೆ ವಿಷ. ಬ್ಲೀಚ್ ಬೇಕು, ಆದ್ರೆ ಅಳತೆ ಮೀರಿದ್ರೆ ಗಾಯ ಇನ್ನೂ ಜಾಸ್ತಿ.”

“ಮತ್ತೆ ಏನ್ ಮಾಡ್ಲಿ?”

“ಎಳೇ ಚಿಗುರು ತಗೋ. ಹೊಸ ಬ್ಲೇಡಲ್ಲಿ ಜಜ್ಜದ ಹಾಗೆ ಕತ್ತರಿಸು. ಕೂಡ್ಲೇ ವಿಟಮಿನ್ ಸಿ, ಸಿಟ್ರಿಕ್ ಆಮ್ಲ ಬೆರೆಸಿದ ಶುದ್ಧ ನೀರಲ್ಲಿ ಮುಳುಗಿಸು. ಜೆಲ್ಲಿಗೆ ಒಂಚೂರು ಸಕ್ರಿಯ ಇದ್ದಿಲು ಹಾಕು, ಆ ರಸ ಹೀರ್ಕೊಳ್ಳುತ್ತೆ. ಬೆಳಕಿಗೆ ಕಂದು ಹೆಚ್ಚುತ್ತೆ, ಮೊದಲ ಕೆಲವು ದಿನ ಕತ್ತಲಲ್ಲಿಡು. ಚಿಗುರಿನ ಸುತ್ತ ಕಂದು ಕಂಡ್ರೆ ಕಾಯ್ಬೇಡ, ಹೊಸ ಬಾಟಲಿಗೆ ದಾಟಿಸು.”

“ಬೆಳ್ಳಗಿರೋ ಜೆಲ್ಲಿಗೆ ಇದ್ದಿಲು ಬಳೀಲಾ? ಗಿಡಾನ ಕತ್ತಲಲ್ಲಿಡ್ಲಾ? ಕೇಳಿದೋರು ನಗ್ತಾರೆ ಅಕ್ಕಾ.”

“ನಗಲಿ ಬಿಡು. ನೀನು ಅಳೋದಕ್ಕಿಂತ ವಾಸಿ.”

ನಂಬಿಕೆ ಬರಲಿಲ್ಲ. ಪರೀಕ್ಷಿಸಿ ನೋಡೋಣವೆಂದು ನರ್ಸರಿಯ ಬೇರೊಂದು ದಾಳಿಂಬೆಯ ಚಿಗುರು ತಂದು ಅಕ್ಕ ಹೇಳಿದಂತೆಯೇ ಮಾಡಿದಳು. ವಾರಗಳು ಕಳೆದರೂ ಚಿಗುರು ಹಸಿರಾಗಿಯೇ ಉಳಿಯಿತು. ಗಂಡನೂ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಇನ್ನೇನು ನೋಡ್ತೀಯ? ಅಪ್ಪನ ಗಿಡದ್ದು ತಗೊಂಡು ಬಾ” ಎಂದ.

ಆಕೆ ಹಿತ್ತಿಲಿಗೆ ಓಡಿದಳು. ಕೊಂಬೆಯಲ್ಲಿ ಎಳೆಯ ಚಿಗುರು ಒಂದೂ ಇರಲಿಲ್ಲ. ಇದ್ದವನ್ನೆಲ್ಲ ಬ್ಲೀಚಿಗೆ ಹಾಕಿದ್ದು ಅವಳೇ. ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೂ ಒಣಗಿತ್ತು.

“ಸಿಕ್ತೇನಮ್ಮ?” ಕಿಟಕಿಯಿಂದ ಮಾವ ಕೇಳಿದರು.

“ಇಲ್ಲ ಮಾವ. ಎಲ್ಲಾ ನಾನೇ ತೊಳೆದು ಮುಗಿಸಿಬಿಟ್ಟೆ.”

“ಹೋಗ್ಲಿ, ಬಾಟಲಿಗಳಾದ್ರೂ ಫಳಫಳ ಅಂತಿವೆಯಲ್ಲ” ಎಂದು ಅವರು ನಗಿಸಲು ನೋಡಿದರು. ಇಬ್ಬರಿಗೂ ನಗು ಬರಲಿಲ್ಲ.

ಲ್ಯಾಬಿನಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಾಟಲಿ ಕಂದಾದರೆ ಬ್ಲೀಚಿಗೆ ಕೈ ಹಾಕುವ ಮುಂಚೆ ಸೋಂಕೋ ಗಾಯವೋ ನೋಡಿಕೊಳ್ಳಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಕೊಂಬೆ ಹಸಿರಾಗಿರುವಾಗಲೇ ಕೇಳಿ. ಅಪರೂಪದ ಗಿಡವಾದರೆ ಮೊದಲು ಬೇರೆ ಗಿಡದ ಚಿಗುರಿನಲ್ಲಿ ಕೈ ಪಳಗಿಸಿಕೊಳ್ಳಿ.

ಈಗ ಆಕೆಯ ಲ್ಯಾಬಿನಲ್ಲಿ ಚಿಗುರು ಕಂದಾಗುವುದು ಕಡಿಮೆ. ಮಾವನ ದಾಳಿಂಬೆಗೆ ಮರಿಯಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.