ಬಲ್ಲವರ ಪತ್ರ

ಅಚ್ಚುಕೂಟದಲ್ಲಿ ಹದಿನಾರು ವರ್ಷ ಕರಡು ತಿದ್ದಿದವಳಿಗೆ ನಲವತ್ತರ ಹೊಸ್ತಿಲಲ್ಲಿ ತತ್ವಶಾಸ್ತ್ರದ ಎಂ.ಎ. ಓದುವ ಆಸೆ ಹುಟ್ಟಿತು. ಅರ್ಜಿಯ ಜೊತೆ ತನ್ನನ್ನು ಚೆನ್ನಾಗಿ ಬಲ್ಲವರೊಬ್ಬರ ಪತ್ರ ಇಡಬೇಕಿತ್ತು. ಎಷ್ಟು ಯೋಚಿಸಿದರೂ ಹಳೆಯ ಕಾಲೇಜಿನ ಮೇಷ್ಟ್ರ ಹೊರತು ಇನ್ನೊಬ್ಬರು ಹೊಳೆಯಲಿಲ್ಲ.

ಮನೆಗೆ ಹೋಗಿ ವಿಷಯ ಹೇಳಿದಾಗ, ನಿವೃತ್ತರಾಗಿದ್ದ ಮೇಷ್ಟ್ರು ಕನ್ನಡಕ ಏರಿಸಿ ಅವಳ ಮುಖವನ್ನೇ ನೋಡಿದರು. "ನಿನ್ನ ನೆನಪೇ ಇಲ್ಲವಲ್ಲಮ್ಮ. ತರಗತೀಲಿ ಮಾತಾಡ್ತಿದ್ದೆಯಾ?"

"ಇಲ್ಲ ಸಾರ್. ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು ಅಂತ ಅತ್ತಿಗೆ ಈಗಲೂ ನಗ್ತಾರೆ."

"ಹಾಗಾದ್ರೆ ಈಗ ಮಾತಾಡು. ಯಾಕೆ ಓದಬೇಕು?"

ಮೊದಮೊದಲು ತಡವರಿಸಿದಳು. ಆಮೇಲೆ ಮಾತು ಅರಳು ಹುರಿದಂತೆ ಬಂತು. ಕರಡು ತಿದ್ದುತ್ತಾ ಲೇಖಕರ ಜೊತೆ ಮನಸ್ಸಿನಲ್ಲೇ ಆಡಿದ ಜಗಳಗಳನ್ನೆಲ್ಲ ಹೇಳಿದಳು. ಎದುರು ಕೂತವರು ಗಡಿಯಾರ ನೋಡದೆ ಕೇಳುತ್ತಿದ್ದುದು ಅವಳ ಗಮನಕ್ಕೆ ಬಂತು.

ಮೇಷ್ಟ್ರು ಬರೆದುಕೊಟ್ಟರು: "ಈಕೆಯ ಪರಿಚಯ ನನಗೆ ಇವತ್ತು ಮಧ್ಯಾಹ್ನದ್ದು. ಈಕೆ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ದಯವಿಟ್ಟು ಸೀಟು ಕೊಡಿ."

ಅವಳು ಅದನ್ನೇ ಕಳಿಸಿದಳು. ಎರಡು ತಿಂಗಳಿಗೆ ಸೀಟು ಸಿಕ್ಕಿತು. ಅಣ್ಣನಿಗೆ ಫೋನ್ ಮಾಡಿ ತಿಳಿಸಿದಳು.

"ಒಳ್ಳೇದಾಯ್ತು ಬಿಡು. ಊಟ ಆಯ್ತಾ?" ಎಂದ.

ಆಯಿತೆಂದು ಹೇಳಿ ಫೋನಿಟ್ಟು, ಅವಳು ಒಬ್ಬಳಿಗಾಗುವಷ್ಟು ಅನ್ನಕ್ಕೆ ಎಸರಿಟ್ಟಳು.