ನೇರಳೆಯ ಮೈಮೇಲಿನ ಪಟ್ಟೆಗಳು

ಈ ಸಲ ನೇರಳೆ ಹಸು ಒದ್ದದ್ದು ಹಾಲಿನ ಬಕೆಟ್ಟಿಗಲ್ಲ, ಕರೆಯಲು ಕೂತಿದ್ದ ಮುತ್ಯಾಲಮ್ಮನ ಮುಂಗೈಗೆ. ಬಾತುಕೊಂಡ ಕೈಯನ್ನು ನೋಡಿ ಅವಳ ಗಂಡ ಕೊಂಡಪ್ಪ ದನದ ದಲ್ಲಾಳಿ ಆಂಜಿನಪ್ಪನಿಗೆ ಫೋನು ಮಾಡಿ, ಶುಕ್ರವಾರ ಬಂದು ಹಸು ಹೊಡೆದುಕೊಂಡು ಹೋಗು ಎಂದ.

ಸೊಸೆ ಮಮತಳಿಗೆ ಅನ್ನ ಇಳಿಯಲಿಲ್ಲ. ಅವಳು ಮದುವೆಯಾಗಿ ತೂಬಗೆರೆಗೆ ಬಂದಾಗ ತವರಿನಿಂದ ಜೊತೆಗೆ ಬಂದ ಕರು ಅದು. ನೇರಳೆ ಹಣ್ಣಿನಂಥ ಕಪ್ಪು. ಕಚ್ಚುವ ನೊಣ ಕಾಲಿನ ಸಂದಿಯಲ್ಲಿ ಕೂತಾಗ ಮಾತ್ರ ಒದೆಯುತ್ತದೆ, ಕೆಟ್ಟ ಹಸುವಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು, ಅಷ್ಟೆ. ಯಾವ ವಿಷಯದಲ್ಲೂ ಅವಳಿಗೆ ಬೇಗ ಧೈರ್ಯ ಬರುತ್ತಿರಲಿಲ್ಲ.

ಅವಳು ಓದಲು ಹೋಗುವ ದೊಡ್ಡಬಳ್ಳಾಪುರದ ಸಂಜೆ ತರಗತಿಯಲ್ಲಿ ಮೇಷ್ಟ್ರು ಜೀಬ್ರಾ ಬಗ್ಗೆ ಹೇಳಿದ್ದು ನೆನಪಾಯಿತು. ಅದು ಕುದುರೆಯ ಕುಲದ ಪ್ರಾಣಿ. ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ಒರಟು ಹುಲ್ಲನ್ನೇ ತಿಂದು ಬದುಕುವುದರಿಂದ ದಿನದ ಬಹುಪಾಲು ಮೇಯುತ್ತಲೇ ಇರಬೇಕು. ಒಂದರ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಆ ಪಟ್ಟೆಗಳ ಮೇಲೆ ಇಳಿಯಲು ಕಚ್ಚುವ ನೊಣಗಳಿಗೆ ಗೊಂದಲವಂತೆ. ಜಪಾನಿನಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದು ನೋಡಿದಾಗಲೂ ನೊಣ ಕಡಿಮೆಯಾಯಿತಂತೆ.

ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ಜೊತೆಗೆ ಓದುವ ದಿವ್ಯಳಿಗೆ ಫೋನು ಮಾಡಿದಳು.

"ಹೂಂ ಕಣೇ, ಹಂಗೇ ಹೇಳಿದ್ರು. ಯಾಕೆ, ಪರೀಕ್ಷೆ ಹತ್ರ ಬಂದ್ಬಿಡ್ತಾ?"

ಸುಣ್ಣ ಬಳಿದರೆ ಚರ್ಮ ಸುಟ್ಟೀತು ಎಂಬ ಭಯಕ್ಕೆ ಮಮತ ಅಕ್ಕಿಹಿಟ್ಟು ಕಲಸಿಕೊಂಡು ಕೊಟ್ಟಿಗೆಗೆ ಹೋದಳು. ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟೆ ಎಳೆಯುತ್ತಿದ್ದಾಗ ಮುತ್ಯಾಲಮ್ಮ ಬಂದು ನಿಂತಳು.

"ಏನಮ್ಮ ಇದು, ಹಸು ಮೇಲೆ ರಂಗೋಲಿ?"

"ಜೀಬ್ರಾ ಥರ ಪಟ್ಟೆ, ಅತ್ತೆ. ನೊಣ ಕೂರಲ್ವಂತೆ."

"ಆ ಜೀಬ್ರಾ ಒದೆಯಲ್ವಾ?"

ಸುಳ್ಳು ಹೇಳಲು ಮಮತಳಿಗೆ ಆಗಲಿಲ್ಲ. "ಒದೆಯುತ್ತೆ. ಸಿಂಹದ ದವಡೆ ಮುರಿಯೋ ಹಂಗೆ ಒದೆಯುತ್ತಂತೆ. ಕುದುರೆ ಥರ ಅದನ್ನ ಪಳಗಿಸೋಕೆ ಆಗಲೇ ಇಲ್ವಂತೆ."

"ಚೆನ್ನಾಗಿದೆ. ಒದೆಯೋ ಹಸುಗೆ ಒದೆಯೋ ಪ್ರಾಣಿ ವೇಷ."

ಬೆಳಿಗ್ಗೆ ನೋಡಿದರೆ ಒಂದು ಪಕ್ಕದ ಪಟ್ಟೆಗಳೇ ಇಲ್ಲ. ಪಕ್ಕದ ಗೂಟದ ಹಸು ಹಿಟ್ಟನ್ನೆಲ್ಲ ನೆಕ್ಕಿ, ಇನ್ನೂ ನಾಲಿಗೆ ಚಪ್ಪರಿಸುತ್ತಿತ್ತು.

"ನಿನ್ನ ಜೀಬ್ರಾನ ಅವಳು ತಿಂದ್ಬಿಟ್ಲು ಕಣಮ್ಮ," ಎಂದ ಕೊಂಡಪ್ಪ.

ನಾಳೆಯೇ ಶುಕ್ರವಾರ. ಮಮತ ಮತ್ತೆ ಹಿಟ್ಟು ಕಲಸಿದಳು. ಕಹಿಯಾದರೆ ನೆಕ್ಕಲಾರದು ಎಂದು ಈ ಬಾರಿ ಅದಕ್ಕೆ ಬೇವಿನೆಣ್ಣೆ ಸುರಿದಳು.

ಮರುದಿನ ಪಟ್ಟೆಗಳು ಹಾಗೇ ಇದ್ದವು. ಆಂಜಿನಪ್ಪ ಬಂದಾಗ ಮಮತಳೇ ಹಾಲು ಕರೆಯಲು ಕೂತಿದ್ದಳು. ನೊಣಗಳು ಇರಲಿಲ್ಲವೆಂದಲ್ಲ, ಹತ್ತಿರ ಸುಳಿದು, ಕೂರದೆ, ಆಚೆ ಹೋಗುತ್ತಿದ್ದವು. ನೇರಳೆ ಆಗೊಮ್ಮೆ ಈಗೊಮ್ಮೆ ಬಾಲ ಬೀಸಿತು. ಕಾಲು ಎತ್ತಲಿಲ್ಲ.

"ಏನ್ ಕೊಂಡಪ್ಪಣ್ಣ, ಹಸು ಅಂದೆ. ಸರ್ಕಸ್ಸಿಂದ ಏನೋ ತಂದು ಕಟ್ಟಿದ್ದೀಯ?"

ಕೊಂಡಪ್ಪ ನೊರೆ ತುಂಬಿದ ಬಕೆಟ್ಟನ್ನು ನೋಡಿದ. ಸೊಸೆಯ ಮುಖವನ್ನೂ ನೋಡಿದ. "ಕಾಫಿ ಕುಡ್ಕೊಂಡು ಹೋಗು ಆಂಜಿನಪ್ಪ. ಹಸು ಕೊಡಲ್ಲ."

ದಲ್ಲಾಳಿ ನಗುತ್ತಾ ಹೋದ. ಮಮತ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮನಸ್ಸು ಕೇಳಲಿಲ್ಲ.

"ಮಾವ, ಇದು ಪಟ್ಟೆಯಿಂದ ಆಯ್ತೋ, ಬೇವಿನೆಣ್ಣೆಯಿಂದ ಆಯ್ತೋ ನಂಗೊತ್ತಿಲ್ಲ. ಆ ವಾಸನೆಗೂ ನೊಣ ಬರಲ್ಲ. ಒಂದಿನ ಪಟ್ಟೆ ಇಲ್ದೆ ಬರೀ ಎಣ್ಣೆ ಹಚ್ಚಿ ನೋಡಿದ್ರೆ..."

"ಯಾರ ಕೈ ಇಟ್ಟು ನೋಡ್ತೀಯ?" ಮುತ್ಯಾಲಮ್ಮ ಬಟ್ಟೆ ಸುತ್ತಿದ ಕೈಯನ್ನು ಮುಂದೆ ಹಿಡಿದಳು. "ಇದು ವಾಸಿಯಾಗೋ ತನಕ ಎರಡೂ ಬಳಿ. ಆಮೇಲೆ ನಿಮ್ಮ ಮೇಷ್ಟ್ರನ್ನೇ ಕರ್ಕೊಂಡ್ಬಾ, ಅವರು ಕರೀಲಿ."

ಮಮತ ಬಕೆಟ್ಟು ಪಕ್ಕಕ್ಕಿಟ್ಟಳು. ಕರೆಯುವಾಗ ಅವಳ ಭುಜ ತಾಗಿ ನೇರಳೆಯ ತೊಡೆಯ ಮೇಲಿನ ಒಂದು ಪಟ್ಟೆ ಅಳಿಸಿಹೋಗಿತ್ತು. ಹಿಟ್ಟಿನ ಬಟ್ಟಲು ತಂದು ಅದನ್ನು ತಿದ್ದಿದಳು.